ಒಂದೇ ಡಿಸ್ಕಿನಲ್ಲಿ ಎರಡು ಒಕ್ಕಲು

“ಏನಮ್ಮ, ಈ ಉಬುಂಟು ಅನ್ನೋದನ್ನ ಕಂಪ್ಯೂಟರಿಂದ ಆಚೆ ಕಳಿಸೋದು ಹೇಗೆ?” ಅಂತ ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಗೋಡೆಯ ಆಚೆಯಿಂದ ಕೇಳಿದರು.

ನಮ್ಮ ಎರಡು ಮನೆಗಳ ನಡುವೆ ಇರುವುದು ಎದೆಮಟ್ಟದ ಗೋಡೆ. ಅದರ ಮೇಲಿಂದ ಕರಿಬೇವು, ನುಗ್ಗೇಕಾಯಿ, ಭಾನುವಾರದ ಪುರವಣಿ ಎಲ್ಲವೂ ಈ ಕಡೆಯಿಂದ ಆ ಕಡೆಗೆ ಹೋಗಿ ಬರುತ್ತವೆ. ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳಾದ್ದರಿಂದ ಆಗಾಗ ಕಂಪ್ಯೂಟರಿನ ಸಮಾಚಾರವೂ ಗೋಡೆ ದಾಟುತ್ತದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಸುತ್ತಲ ಹಳ್ಳಿಗಳ ಹೆಸರು, ಕೆರೆ, ವೀರಗಲ್ಲು ಇವುಗಳ ಬಗ್ಗೆ ವರ್ಷಗಳಿಂದ ಟಿಪ್ಪಣಿ ಬರೆದು ಇಟ್ಟುಕೊಂಡಿದ್ದಾರೆ. ಎಲ್ಲವೂ ನುಡಿ ತಂತ್ರಾಂಶದಲ್ಲಿ, ಅಂದರೆ ವಿಂಡೋಸಿನಲ್ಲಿ. ಕಂಪ್ಯೂಟರು ಕೊಂಡಿದ್ದು ಮೊಮ್ಮಗ ಇಂಜಿನಿಯರಿಂಗ್ ಓದುವಾಗ. ಅವನು ಪ್ರಾಜೆಕ್ಟಿಗೆ ಬೇಕೆಂದು ವಿಂಡೋಸಿನ ಪಕ್ಕದಲ್ಲೇ ಉಬುಂಟು ಹಾಕಿಕೊಂಡ, ಪಾಸಾದ, ಕೆಲಸಕ್ಕೆ ಅಂತ ಪುಣೆಗೆ ಹೋದ. ಉಬುಂಟು ಮಾತ್ರ ಇಲ್ಲೇ ಉಳಿಯಿತು.

“ಅದು ನಿಮಗೇನು ತೊಂದರೆ ಕೊಡ್ತಿದೆ ಮೇಷ್ಟ್ರೇ?” ಅಂದೆ.

“ಒಂದಾ ಎರಡಾ! ಸ್ವಿಚ್ ಹಾಕಿದ ತಕ್ಷಣ ಒಂದು ಪಟ್ಟಿ ಬರುತ್ತೆ. ಮೇಲಿನ ಸಾಲು ಉಬುಂಟು. ಕೆಳಗೆಲ್ಲೋ ವಿಂಡೋಸ್. ಹತ್ತು ಸೆಕೆಂಡು ಎಣಿಸುತ್ತೆ. ನಾನು ಕನ್ನಡಕ ಹುಡುಕಿ ಹಾಕ್ಕೊಳ್ಳೋದರೊಳಗೆ ಉಬುಂಟುಗೆ ಹೋಗಿಬಿಡುತ್ತೆ. ಮತ್ತೆ ಆಫ್ ಮಾಡು, ಮತ್ತೆ ಆನ್ ಮಾಡು. ಇನ್ನು ಗಡಿಯಾರ ಕೇಳಲೇ ಬೇಡ. ಒಂದು ಸಲ ಉಬುಂಟುಗೆ ಹೋಗಿ ಬಂದರೆ ವಿಂಡೋಸಿನ ಟೈಮು ಕೆಟ್ಟು ಕೂತಿರುತ್ತೆ. ಬೆಳಿಗ್ಗೆ ಹತ್ತೂವರೆ ಆಗಿದ್ದರೆ ಐದು ಗಂಟೆ ಅನ್ನುತ್ತೆ. ಬ್ಯಾಟರಿ ಹೋಗಿದೆ ಅಂದುಕೊಂಡು ಅದನ್ನೂ ಬದಲಾಯಿಸಿದೆ.”

ಗಡಿಯಾರದ ವಿಷಯ ಅವರಿಗೆ ಬಿಡಿಸಿ ಹೇಳಿದೆ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಒಂದು ಸಣ್ಣ ಗಡಿಯಾರ ಸದಾ ಓಡುತ್ತಿರುತ್ತದೆ. ಅದರಲ್ಲಿ ಇರುವುದು ನಮ್ಮೂರಿನ ಸಮಯ ಅಂತ ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಕುಟುಂಬಕ್ಕೆ ಸೇರಿದ ಉಬುಂಟು ಅದರಲ್ಲಿ ಜಾಗತಿಕ ಸಮಯವನ್ನು ಬರೆದಿಟ್ಟು, ತೋರಿಸುವಾಗ ಭಾರತದ ಐದೂವರೆ ಗಂಟೆಯನ್ನು ಕೂಡಿಸಿಕೊಳ್ಳುತ್ತದೆ. ಉಬುಂಟು ಬರೆದಿಟ್ಟು ಹೋದದ್ದನ್ನು ವಿಂಡೋಸ್ ಹಾಗೆಯೇ ಓದಿದರೆ ಸರಿಯಾಗಿ ಐದೂವರೆ ಗಂಟೆ ಹಿಂದೆ. ಇಂಗ್ಲೆಂಡಿನಲ್ಲಿ ಕೂತವರಿಗೆ ಚಳಿಗಾಲದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನಮಗೆ ಇದು ಕಣ್ಣಿಗೆ ಹೊಡೆಯುತ್ತದೆ. ಬ್ಯಾಟರಿಯದು ಏನೂ ತಪ್ಪಿರಲಿಲ್ಲ.

“ಸರಿ, ಮೂರನೆಯದು ಜಾಗ” ಅಂದರು ಮೇಷ್ಟ್ರು. “ಸಿ ಡ್ರೈವ್ ಕೆಂಪಗಾಗಿದೆ. ವೀರಗಲ್ಲಿನ ಫೋಟೋ ಹಾಕೋಕೆ ಜಾಗ ಇಲ್ಲ ಅನ್ನುತ್ತೆ.”

ಇದು ನಿಜವಾದ ಕಾರಣ. ಪಟ್ಟಿಯ ಕ್ರಮ ಬದಲಿಸಿ ವಿಂಡೋಸನ್ನು ಮೊದಲು ಮಾಡುವುದು ಸುಲಭ, ಗಡಿಯಾರವನ್ನೂ ಒಂದು ಆಜ್ಞೆಯಿಂದ ಸರಿಮಾಡಬಹುದು. ಆದರೆ 256 ಜಿಬಿ ಎಸ್‌ಎಸ್‌ಡಿಯಲ್ಲಿ ಹತ್ತಿರ ಹತ್ತಿರ ಅರ್ಧ ಜಾಗವನ್ನು ಯಾರೂ ಬಳಸದ ವ್ಯವಸ್ಥೆಯೊಂದು ಹಿಡಿದು ಕೂತಿದ್ದರೆ ಅದನ್ನು ಬಿಡಿಸಿಕೊಳ್ಳಬೇಕಾದದ್ದೇ. ಮೇಷ್ಟ್ರು ಸುಮ್ಮನೆ ಕೂತವರಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ತಂತ್ರಾಂಶಗಳ ಪಟ್ಟಿಯಲ್ಲೆಲ್ಲ ಉಬುಂಟು ಹುಡುಕಿದ್ದಾರೆ. ಸಿಗಲಿಲ್ಲ. ಆಮೇಲೆ ರಿಪೇರಿ ಅಂಗಡಿಯಲ್ಲಿ ಕೇಳಿದ್ದಾರೆ. ಅಲ್ಲಿಯ ಹುಡುಗ, “ಫಾರ್ಮ್ಯಾಟ್ ಮಾಡ್ಬೇಕು ಸಾರ್. ಎಲ್ಲಾ ಕ್ಲೀನ್ ಮಾಡಿ ಹೊಸದಾಗಿ ವಿಂಡೋಸ್ ಹಾಕ್ಕೊಡ್ತೀನಿ. ಡೇಟಾ ಇರಲ್ಲ” ಅಂದನಂತೆ.

ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ವೈರಸ್ ಬಂದರೂ ಫಾರ್ಮ್ಯಾಟ್, ನಿಧಾನವಾದರೂ ಫಾರ್ಮ್ಯಾಟ್, ಪಾಸ್‌ವರ್ಡ್ ಮರೆತರೂ ಫಾರ್ಮ್ಯಾಟ್. ನಮ್ಮ ಊರುಗಳಲ್ಲಿ ಎಷ್ಟು ಮನೆಗಳ ಮದುವೆ ಫೋಟೋ, ಎಷ್ಟು ಜನರ ಅರ್ಧ ಬರೆದ ಪ್ರಬಂಧ, ಎಷ್ಟು ಅಂಗಡಿಗಳ ಲೆಕ್ಕಪತ್ರ ಈ ಒಂದು ಮಾತಿಗೆ ಬಲಿಯಾಗಿವೆಯೋ! ಲ್ಯಾಬಿಗೆ ಬರುವ ಮಕ್ಕಳು ಹೇಳುವ ಮನೆ ಕಂಪ್ಯೂಟರಿನ ಕತೆಗಳಲ್ಲಿ ಅರ್ಧ ಇದೇ. ಬೇಡವಾದ ಒಂದು ವ್ಯವಸ್ಥೆಯನ್ನು ತೆಗೆಯಲು ಬೇಕಾದ ವ್ಯವಸ್ಥೆಯನ್ನೂ ಅದರೊಳಗಿನ ಬದುಕನ್ನೂ ಅಳಿಸುವ ಅಗತ್ಯ ಇಲ್ಲವೇ ಇಲ್ಲ. ಬೇಕಾದ್ದು ಸಾವಧಾನ, ಮತ್ತು ಯಾವುದರ ನಂತರ ಯಾವುದು ಅನ್ನುವ ಕ್ರಮ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

“ಅಲ್ಲಮ್ಮ, ಉಳಿದ ತಂತ್ರಾಂಶಗಳನ್ನ ಕಂಟ್ರೋಲ್ ಪ್ಯಾನೆಲ್ಲಿಂದ ತೆಗೀಬಹುದು. ಇದು ಯಾಕೆ ಅಲ್ಲಿ ಕಾಣಲ್ಲ?” ಅಂತ ಮೇಷ್ಟ್ರು ಕೇಳಿದರು.

ಒಂದು ಕಾಲದಲ್ಲಿ ಕಾಣುತ್ತಿತ್ತು. 2008ರಲ್ಲಿ ಬಂದ ಉಬುಂಟು 8.04ರ ಜೊತೆ ವುಬಿ ಅನ್ನುವ ಒಂದು ಸಾಧನ ಬಂತು. ಅದು ಉಬುಂಟುವನ್ನು ವಿಂಡೋಸಿನ ಒಳಗೇ ಒಂದು ದೊಡ್ಡ ಫೈಲಾಗಿ ಇಡುತ್ತಿತ್ತು. ಬೇಡ ಅನ್ನಿಸಿದರೆ ಬೇರೆ ತಂತ್ರಾಂಶ ತೆಗೆದ ಹಾಗೇ ಕಂಟ್ರೋಲ್ ಪ್ಯಾನೆಲ್ಲಿಂದ ತೆಗೆಯಬಹುದಿತ್ತು. ಉಬುಂಟುವಿನವರು 2013ರಲ್ಲಿ ಅದನ್ನು ಕೈಬಿಟ್ಟರು. ಈಗ ಉಬುಂಟು ಹಾಕುವುದೆಂದರೆ ಡಿಸ್ಕಿನಲ್ಲೇ ಅದಕ್ಕೆ ಬೇರೆ ಭಾಗ ಮಾಡಿಕೊಡುವುದು. ಒಂದು ಮನೆಯನ್ನು ಎರಡು ಭಾಗ ಮಾಡಿ ಎರಡು ಒಕ್ಕಲು ಇಟ್ಟ ಹಾಗೆ. ವಿಂಡೋಸಿನ ಕೋಣೆಯಲ್ಲಿ ನಿಂತು ಆಚೆ ಒಕ್ಕಲಿನ ಸಾಮಾನಿನ ಪಟ್ಟಿ ಕೇಳಿದರೆ ಸಿಗುವುದಿಲ್ಲ. ಒಕ್ಕಲು ಎರಡಾದರೂ ಮುಂಬಾಗಿಲು ಒಂದೇ. ಎರಡನೆಯ ಒಕ್ಕಲು ಬಂದ ದಿನವೇ ಆ ಬಾಗಿಲಿನ ಕೀಲಿಕೈ ತನ್ನ ಕೈಗೆ ತೆಗೆದುಕೊಂಡಿರುತ್ತದೆ. ಮೇಷ್ಟ್ರು ದಿನಾ ಬೆಳಿಗ್ಗೆ ನೋಡುವ ಆ ಪಟ್ಟಿ ಇದೆಯಲ್ಲ, ಅದರ ಹೆಸರು ಗ್ರಬ್. ಅದು ಉಬುಂಟುವಿನದು. ವಿಂಡೋಸಿಗೆ ಹೋಗುವವರೂ ಅದರ ಮೂಲಕವೇ ಹೋಗಬೇಕು.

ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲು ಉಬುಂಟು ಇರುವ ಭಾಗವನ್ನೇ ಅಳಿಸಿಬಿಡುತ್ತಾರೆ. ಸಂಜೆ ಅಳಿಸಿ, ಜಾಗ ಸಿಕ್ಕಿತೆಂದು ಸಂತೋಷಪಟ್ಟು ಮಲಗುತ್ತಾರೆ. ಬೆಳಿಗ್ಗೆ ಆನ್ ಮಾಡಿದರೆ ಪಟ್ಟಿಯೂ ಇಲ್ಲ, ವಿಂಡೋಸೂ ಇಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ‘ಗ್ರಬ್’ ಅಂತಲೋ, ಹಳೆಯ ಯಂತ್ರವಾದರೆ ‘ಗ್ರಬ್ ರೆಸ್ಕ್ಯೂ’ ಅಂತಲೋ ಬಂದು, ಪಕ್ಕದಲ್ಲಿ ಕರ್ಸರ್ ಮಿಣುಕುತ್ತಿರುತ್ತದೆ. ಗ್ರಬ್ಬಿನ ಒಂದು ಸಣ್ಣ ತುಣುಕು ಬಾಗಿಲಲ್ಲಿ ಉಳಿದಿದೆ. ಅದಕ್ಕೆ ಬೇಕಾದ ಉಳಿದ ಫೈಲುಗಳೆಲ್ಲ ಅಳಿಸಿದ ಭಾಗದಲ್ಲಿದ್ದವು. ಅವು ಸಿಗದೆ ಅದು ಅಲ್ಲಿಗೇ ನಿಂತಿದೆ. ವಿಂಡೋಸ್ ಒಳಗೆ ಕ್ಷೇಮವಾಗಿಯೇ ಇರುತ್ತದೆ, ಆದರೆ ಮನೆಯವರಿಗೆ ಎಲ್ಲ ಹೋಯಿತು ಅನ್ನಿಸುತ್ತದೆ. ಗಾಬರಿಯಿಂದ ಅಂಗಡಿಗೆ ಒಯ್ಯುತ್ತಾರೆ, ಅಲ್ಲಿ ಮತ್ತೆ ಅದೇ ಫಾರ್ಮ್ಯಾಟ್ ಮಂತ್ರ. ಆದ್ದರಿಂದ ಮೊದಲು ಕೀಲಿಕೈ ವಿಂಡೋಸಿನ ಕೈಗೆ ಬರಬೇಕು. ಒಕ್ಕಲು ಬಿಡಿಸುವುದು ಆಮೇಲಿನ ಮಾತು.

“ಹಾಗಾದರೆ ಬಾಮ್ಮ, ಈಗಲೇ ಕೀಲಿಕೈ ಇಸ್ಕೊಳ್ಳೋಣ” ಅಂತ ಮೇಷ್ಟ್ರು ಅವಸರ ಮಾಡಿದರು.

“ಅದಕ್ಕೂ ಮುಂಚೆ ಒಂದು ಕೆಲಸ ಇದೆ ಮೇಷ್ಟ್ರೇ. ಆ ಕೋಣೆಯಲ್ಲಿ ಏನೇನಿದೆ ಅಂತ ನೋಡಬೇಕು” ಅಂದೆ.

ಉಬುಂಟುವಿನಲ್ಲಿ ಕೂತು ವಿಂಡೋಸಿನ ಫೈಲುಗಳನ್ನು ನೋಡಬಹುದು. ವಿಂಡೋಸಿನಲ್ಲಿ ಕೂತು ಉಬುಂಟುವಿನ ಫೈಲುಗಳನ್ನು ನೋಡಲು ಆಗುವುದಿಲ್ಲ. ಉಬುಂಟು ಬಳಸುವ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಹಾಗಾಗಿ ವಿಂಡೋಸಿನಲ್ಲಿ ಏನೂ ಕಾಣುತ್ತಿಲ್ಲ ಅಂದಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಅಂದುಕೊಳ್ಳಬಾರದು. ನಾನು ಅವರ ಮನೆಗೆ ಹೋಗಿ, ಈ ಸಲ ಬೇಕೆಂದೇ ಉಬುಂಟುಗೆ ಹೋಗಿ, ಹೋಮ್ ಫೋಲ್ಡರ್ ತೆರೆದೆ. ಪಾಸ್‌ವರ್ಡಿಗೆ ಮೊಮ್ಮಗನಿಗೆ ಫೋನು ಮಾಡಿದ್ದಾಯಿತು. “ತೆಗೀರಿ ತಾತ, ನನ್ನ ಪ್ರಾಜೆಕ್ಟ್ ಎಲ್ಲಾ ಬೇರೆ ಕಡೆ ಇದೆ, ಅಲ್ಲೇನೂ ಇಲ್ಲ” ಅಂದ ಅವನು.

ಇತ್ತು. ಮ್ಯೂಸಿಕ್ ಫೋಲ್ಡರಿನಲ್ಲಿ ‘ಅಜ್ಜಿ ಕ್ಯಾಸೆಟ್’ ಅಂತ ಒಂದು ಫೋಲ್ಡರು. ಮೇಷ್ಟ್ರ ಹೆಂಡತಿಯನ್ನು ನಾನು ದೊಡ್ಡಮ್ಮ ಅಂತ ಕರೆಯುತ್ತೇನೆ. ಅವರ ತಾಯಿ ಹಾಡಿದ ಸೋಬಾನೆ ಪದ, ಬೀಸುವ ಪದ ಇದ್ದ ಹಳೆಯ ಕ್ಯಾಸೆಟ್ಟೊಂದನ್ನು ಹುಡುಗ ಒಂದು ರಜೆಯಲ್ಲಿ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿ ಆಡಾಸಿಟಿ ತಂತ್ರಾಂಶದಲ್ಲಿ ಇಳಿಸಿಟ್ಟಿದ್ದ. ಆಮೇಲೆ ಮರೆತಿದ್ದ. ಕ್ಯಾಸೆಟ್ಟಿನ ರೀಲು ಅಷ್ಟರಲ್ಲಿ ಅಂಟಿಕೊಂಡು ಕೆಟ್ಟಿತ್ತು. ನಾನು ಒಂದನ್ನು ಹಾಕಿದೆ. ಅಡುಗೆಮನೆಯಿಂದ ದೊಡ್ಡಮ್ಮ ಸೌಟು ಹಿಡಿದುಕೊಂಡೇ ಬಂದು, “ಇದು ನಮ್ಮವ್ವನ ದನಿ” ಅಂದರು. ಅಂಗಡಿಗೆ ಕೊಟ್ಟಿದ್ದರೆ ಆ ದನಿ ಹೋಗಿರುತ್ತಿತ್ತು, ಹೋಯಿತೆಂದು ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಹಾಡುಗಳನ್ನೂ, ಜೊತೆಗೆ ಮೇಷ್ಟ್ರ ವಿಂಡೋಸಿನ ಎಲ್ಲ ಟಿಪ್ಪಣಿಗಳನ್ನೂ, ಫೋಟೋಗಳನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆವು. ಡಿಸ್ಕಿನ ಭಾಗಗಳಿಗೆ ಕೈಹಾಕುವ ಮುಂಚೆ ಬೇಕಾದ ವ್ಯವಸ್ಥೆಯ ಫೈಲುಗಳ ನಕಲೂ ಹೊರಗೆ ಇರಲೇಬೇಕು. ನಡುವೆ ಕರೆಂಟು ಹೋಗಬಹುದು, ಕೈ ತಪ್ಪಬಹುದು. ಅದಕ್ಕೆ ನಕಲೊಂದೇ ಔಷಧ.

ಉಬುಂಟುವಿನಿಂದ ಹೊರಡುವ ಮುಂಚೆ ಅಲ್ಲಿನ ‘ಡಿಸ್ಕ್ಸ್’ ಅನ್ನುವ ತಂತ್ರಾಂಶ ತೆರೆದು, ಉಬುಂಟು ಇರುವ ಭಾಗದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೆ: 107 ಜಿಬಿ. ಇದನ್ನು ಬರೆದುಕೊಳ್ಳುವುದು ಯಾಕೆಂದರೆ, ವಿಂಡೋಸಿಗೆ ಹೋದ ಮೇಲೆ ಯಾವುದು ಉಬುಂಟು ಅಂತ ಹೆಸರು ಹೇಳಿ ತೋರಿಸುವವರು ಯಾರೂ ಇರುವುದಿಲ್ಲ. ಅಳತೆ ನೋಡಿಯೇ ಗುರುತು ಹಿಡಿಯಬೇಕು. ಉಬುಂಟು ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಇಲ್ಲಿ 107 ಅಂದದ್ದು ಅಲ್ಲಿ ಸುಮಾರು 100 ಆಗಿ ಕಾಣುತ್ತದೆ. ಇದು ತಿಳಿಯದೆ ಗಲಿಬಿಲಿಗೊಂಡು ಬೇರೆ ಭಾಗ ಅಳಿಸಿದವರಿದ್ದಾರೆ.

ಮುಂದಿನದು ಒಂದು ಎಚ್ಚರ. ಈಚಿನ ಎಷ್ಟೋ ಕಂಪ್ಯೂಟರುಗಳಲ್ಲಿ ವಿಂಡೋಸ್ ತಾನೇ ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಟ್ಟಿರುತ್ತದೆ. ಬಿಟ್‌ಲಾಕರ್ ಅಂತ ಅದಕ್ಕೆ ಹೆಸರು. ಬಾಗಿಲಿನ ವ್ಯವಸ್ಥೆ ಬದಲಾಯಿತು ಅಂತ ಅನುಮಾನ ಬಂದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಯ ಎಂಟು ಗುಂಪು. ಅದು ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಸಾಮಾನ್ಯವಾಗಿ ಉಬುಂಟು ಹಾಕುವ ಹೊತ್ತಿಗೇ ಈ ಬೀಗ ತೆಗೆಸಿರುತ್ತಾರೆ, ಆದರೂ ಸೆಟ್ಟಿಂಗ್ಸಿನಲ್ಲಿ ಒಮ್ಮೆ ನೋಡಿಕೊಳ್ಳಬೇಕು. ಬೀಗ ಇದ್ದರೆ ಆ ಕೀಯನ್ನು ಮೈಕ್ರೋಸಾಫ್ಟ್ ಖಾತೆಯ ಪುಟದಿಂದ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಮೇಷ್ಟ್ರ ಕಂಪ್ಯೂಟರಿನಲ್ಲಿ ಬೀಗ ಇರಲಿಲ್ಲ.

ಈಗ ಕೀಲಿಕೈ. ವಿಂಡೋಸಿನಲ್ಲಿ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಅನ್ನಬೇಕು. ನೀಲಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಕಂಪ್ಯೂಟರು ಮತ್ತೆ ಶುರುವಾಗಿ ನೇರವಾಗಿ ಮದರ್‌ಬೋರ್ಡಿನ ಸೆಟ್ಟಿಂಗ್ಸಿಗೆ ಬರುತ್ತದೆ. ಜನ ಅದನ್ನು ಈಗಲೂ ಬಯಾಸ್ ಅಂತಲೇ ಕರೆಯುತ್ತಾರೆ. ಅಲ್ಲಿ ಬೂಟ್ ಅನ್ನುವ ಪುಟದಲ್ಲಿ ಸರದಿ ಇರುತ್ತದೆ: ಮೊದಲು ಉಬುಂಟು, ಆಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್. ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ಉಳಿಸಿ ಹೊರಗೆ ಬಂದರೆ ಆಯಿತು. ಮೇಷ್ಟ್ರ ಕೈಯಲ್ಲೇ ಮಾಡಿಸಿದೆ. ಕಂಪ್ಯೂಟರು ಪಟ್ಟಿ ತೋರಿಸದೆ ಸೀದಾ ವಿಂಡೋಸಿಗೆ ಹೋಯಿತು.

“ಅಯ್ಯೋ, ಇಷ್ಟೇನಾ?” ಅಂದರು.

“ಇವತ್ತಿಗೆ ಇಷ್ಟೇ. ಎರಡು ಮೂರು ದಿನ ಹೀಗೇ ಬಳಸಿ. ಪ್ರತಿಸಲವೂ ಸೀದಾ ವಿಂಡೋಸಿಗೇ ಹೋಗ್ತಿದೆಯಾ ನೋಡಿ. ಉಬುಂಟು ಇನ್ನೂ ಒಳಗೆ ಹಾಗೇ ಇದೆ. ಇಲ್ಲಿಯವರೆಗೆ ಮಾಡಿದ್ದೆಲ್ಲ ಹಿಂದಕ್ಕೆ ತಗೋಬಹುದು. ಮುಂದಿನದು ಹಾಗಲ್ಲ” ಅಂದೆ.

ಈ ಎರಡು ಮೂರು ದಿನದ ಬಿಡುವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅಳಿಸುವುದು ಒಂದು ಕ್ಷಣದ ಕೆಲಸ. ಏನು ಮರೆತಿದ್ದೇವೆ ಅನ್ನುವುದು ನೆನಪಾಗಲು ಮಾತ್ರ ಸಮಯ ಬೇಕು.

ಆಮೇಲಿನ ಕೆಲಸ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಅದು ಇದೆ. ತೆರೆದರೆ ಇಡೀ ಡಿಸ್ಕು ಉದ್ದನೆಯ ಪಟ್ಟೆಯಾಗಿ, ತುಂಡು ತುಂಡಾಗಿ ಕಾಣುತ್ತದೆ. ಎಡಗಡೆ 100 ಎಂಬಿಯ ಸಣ್ಣ ತುಂಡು, ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ನಾನು ಹೇಳಿದ ಮುಂಬಾಗಿಲು ಇರುವುದು ಅಲ್ಲೇ. ಎರಡೂ ವ್ಯವಸ್ಥೆಗಳ ಬೂಟ್ ಫೈಲುಗಳು ಅದರೊಳಗೆ ಬೇರೆ ಬೇರೆ ಫೋಲ್ಡರುಗಳಲ್ಲಿ ಇರುತ್ತವೆ. ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ವಿಂಡೋಸೂ ಅದನ್ನು ಅಳಿಸಲು ಇಲ್ಲಿ ಅವಕಾಶ ಕೊಡುವುದಿಲ್ಲ. ಅದರ ಪಕ್ಕದಲ್ಲಿ ಸಿ ಡ್ರೈವ್, ಮೇಲೆ ಎನ್‌ಟಿಎಫ್‌ಎಸ್ ಅಂತ ಬರೆದಿರುತ್ತದೆ. ಅದರ ಪಕ್ಕದಲ್ಲಿ ಒಂದು ದೊಡ್ಡ ತುಂಡು. ಅದಕ್ಕೆ ಡ್ರೈವ್ ಅಕ್ಷರವಿಲ್ಲ, ಕಡತ ವ್ಯವಸ್ಥೆಯ ಹೆಸರಿಲ್ಲ. ಸುಮಾರು 100 ಜಿಬಿ. ಚೀಟಿ ನೋಡಿದೆವು, ಅಳತೆ ಕೂಡಿತು. ಅದೇ ಉಬುಂಟು. ಕೊನೆಯಲ್ಲಿ ಇನ್ನೊಂದು ಸಣ್ಣ ತುಂಡು ವಿಂಡೋಸಿನ ರಿಕವರಿ. ಅದನ್ನೂ ಮುಟ್ಟಬಾರದು. ಹಳೆಯ ಉಬುಂಟುವಾದರೆ ಸ್ವಾಪ್ ಅನ್ನುವ ಇನ್ನೊಂದು ತುಂಡೂ ಇರುತ್ತದೆ. 17.04ರಿಂದ ಈಚೆಗೆ ಹೊಸದಾಗಿ ಹಾಕಿದವುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಆ ಹೆಸರಿಲ್ಲದ ತುಂಡಿನ ಮೇಲೆ ಬಲಗುಂಡಿ ಒತ್ತಿ ‘ಡಿಲೀಟ್ ವಾಲ್ಯೂಮ್’ ಅಂದಾಗ, ಈ ಭಾಗವನ್ನು ಮಾಡಿದ್ದು ವಿಂಡೋಸ್ ಅಲ್ಲ, ಬೇರೆ ವ್ಯವಸ್ಥೆಯ ಮಾಹಿತಿ ಇದರಲ್ಲಿ ಇರಬಹುದು, ಅಳಿಸಲೇ ಅಂತ ವಿಂಡೋಸ್ ಕೇಳಿತು. ನೋಡಿ, ಎಷ್ಟು ಒಳ್ಳೆಯ ಪ್ರಶ್ನೆ! ಸರಿಯಾದ ತುಂಡನ್ನೇ ಹಿಡಿದಿದ್ದೇವೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಮೇಷ್ಟ್ರು ಒಂದು ಸಲ ನನ್ನ ಮುಖ ನೋಡಿ ‘ಯೆಸ್’ ಒತ್ತಿದರು. ತುಂಡಿನ ನೆತ್ತಿಯ ನೀಲಿ ಗೆರೆ ಕಪ್ಪಾಯಿತು, ‘ಅನ್‌ಅಲೊಕೇಟೆಡ್’ ಅಂತ ಬಂತು. ಈಗ ಅದು ಯಾರದೂ ಅಲ್ಲದ ಜಾಗ. ಸಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಅಂದು, ಕೇಳಿದ್ದಕ್ಕೆಲ್ಲ ನೆಕ್ಸ್ಟ್ ಒತ್ತುತ್ತಾ ಹೋದರೆ ನಡುವಿನ ಗೋಡೆ ಹೋಗಿ ಸಿ ಡ್ರೈವ್ ಉದ್ದವಾಯಿತು. ಮೇಷ್ಟ್ರು ಫೈಲ್ ಎಕ್ಸ್‌ಪ್ಲೋರರ್ ತೆರೆದು ನೋಡಿದರು. ಕೆಂಪು ಪಟ್ಟಿ ನೀಲಿಯಾಗಿತ್ತು.

ಎಲ್ಲರಿಗೂ ಹೀಗೆ ಸಲೀಸಾಗಿ ಆಗುತ್ತದೆ ಅಂತ ಹೇಳಲಾರೆ. ಖಾಲಿಯಾದ ಜಾಗ ಸಿ ಡ್ರೈವಿನ ಬಲಕ್ಕೆ ತಾಗಿಕೊಂಡೇ ಇದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಿಕೊಳ್ಳುತ್ತದೆ. ನಡುವೆ ರಿಕವರಿ ತುಂಡು ಕೂತಿದ್ದರೆ ‘ಎಕ್ಸ್‌ಟೆಂಡ್’ ಅನ್ನುವುದು ಮಸುಕಾಗಿ, ಒತ್ತಲು ಬರುವುದಿಲ್ಲ. ಆಗ ಹಟ ಹಿಡಿದು ಆ ತುಂಡನ್ನು ಕಿತ್ತುಹಾಕಲು ಹೋಗಬೇಡಿ. ಖಾಲಿ ಜಾಗದಲ್ಲೇ ‘ನ್ಯೂ ಸಿಂಪಲ್ ವಾಲ್ಯೂಮ್’ ಮಾಡಿ ಡಿ ಡ್ರೈವ್ ಅಂತ ಇಟ್ಟುಕೊಳ್ಳಿ. ಫೋಟೋ, ಬರವಣಿಗೆ ಅಲ್ಲಿ ಇರಲಿ. ಸಿ ಡ್ರೈವಿನಿಂದ ಬೇರೆಯಾಗಿರುವುದೂ ಒಳ್ಳೆಯದೇ.

ಬಾಗಿಲ ತುಂಡಿನಲ್ಲಿ ಉಬುಂಟುವಿನ ಹೆಸರಿನ ಒಂದು ಫೋಲ್ಡರು ಉಳಿದಿರುತ್ತದೆ. ಕೆಲವೇ ಎಂಬಿ. ಲ್ಯಾಬಿನಲ್ಲಾದರೆ ನಾನು ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಿಂದ ಆ ತುಂಡನ್ನು ತೆರೆದು ಅದನ್ನೂ ತೆಗೆಯುತ್ತೇನೆ. ಮನೆಯಲ್ಲಿ ಅದರ ತಂಟೆಗೆ ಹೋಗಬೇಡಿ ಅನ್ನುತ್ತೇನೆ. ಅದೇ ಜಾಗದಲ್ಲಿ ಮೈಕ್ರೋಸಾಫ್ಟಿನ ಫೋಲ್ಡರೂ ಇದೆ. ಅದು ಅಳಿದರೆ ವಿಂಡೋಸ್ ಏಳುವುದಿಲ್ಲ. ಸರದಿಯಲ್ಲಿ ವಿಂಡೋಸ್ ಮೊದಲು ಇರುವವರೆಗೆ ಆ ಪುಟ್ಟ ಫೋಲ್ಡರಿನಿಂದ ಯಾರಿಗೂ ತೊಂದರೆಯಿಲ್ಲ.

ಮೇಷ್ಟ್ರ ಕೆಲಸ ಮುಗಿದ ಸುದ್ದಿ ಬೀದಿಯಲ್ಲಿ ಹಬ್ಬಿ, ಎದುರುಮನೆಯವರು ಬಂದರು. ಅವರದು 2010ರ ಸುಮಾರಿನ ಡೆಸ್ಕ್‌ಟಾಪು. ಹಳೆಯ ಯಂತ್ರಗಳಲ್ಲಿ ಬಾಗಿಲಿಗೆ ಬೇರೆ ತುಂಡಿರುವುದಿಲ್ಲ. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲೇ ಎಲ್ಲವೂ ಶುರುವಾಗುತ್ತದೆ, ಗ್ರಬ್ ಬಂದು ಕೂರುವುದೂ ಅಲ್ಲೇ. ನಿಮ್ಮದು ಯಾವ ಬಗೆ ಅಂತ ತಿಳಿಯಲು ವಿಂಡೋಸಿನ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದು ‘ಬಯಾಸ್ ಮೋಡ್’ ಅನ್ನುವ ಸಾಲು ನೋಡಿ. ಯುಇಎಫ್‌ಐ ಅಂತಿದ್ದರೆ ಮೇಷ್ಟ್ರ ದಾರಿ. ಲೆಗಸಿ ಅಂತಿದ್ದರೆ ಮೊದಲು ವಿಂಡೋಸ್ ತುಂಬಿದ ಪೆನ್‌ಡ್ರೈವ್ ತಯಾರು ಮಾಡಿ, ಅದರಿಂದ ಯಂತ್ರ ಶುರುಮಾಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಮೂಲಕ ಕಮಾಂಡ್ ಪ್ರಾಂಪ್ಟಿಗೆ ಹೋಗಬೇಕು. ಅಲ್ಲಿ ಬೂಟ್‌ರೆಕ್ ಅಂತ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಫಿಕ್ಸ್‌ಎಂಬಿಆರ್ ಅಂತ ಬರೆದು ಎಂಟರ್ ಒತ್ತಿದರೆ ಗ್ರಬ್ಬಿನ ಜಾಗದಲ್ಲಿ ವಿಂಡೋಸಿನ ಆರಂಭದ ತುಣುಕು ಬಂದು ಕೂರುತ್ತದೆ. ಉಬುಂಟು ಅಳಿಸುವುದು ಇಲ್ಲೂ ಆಮೇಲೆಯೇ. ಇಂಥ ಹಳೆಯ ಯಂತ್ರದಲ್ಲಿ ಮೊದಲೇ ಅಳಿಸಿ ಕಪ್ಪು ಪರದೆಗೆ ಬಿದ್ದವರಿಗೂ ಇದೇ ಮದ್ದು.

ಇನ್ನೂ ಕೆಲವರ ಮನೆಯಲ್ಲಿ ಎರಡೂ ವಿಂಡೋಸೇ. ಮೊದಲಿನದು ಕೆಟ್ಟಿತೆಂದು ಯಾರೋ ಬಂದು ಇನ್ನೊಂದು ಡ್ರೈವಿನಲ್ಲಿ ಮತ್ತೊಂದು ವಿಂಡೋಸ್ ಹಾಕಿ ಹೋಗಿರುತ್ತಾರೆ. ಆನ್ ಮಾಡಿದರೆ ಒಂದೇ ಹೆಸರು ಎರಡು ಸಲ. ಅದಕ್ಕೆ ವಿಂಡೋಸಿನಲ್ಲೇ ‘ಸಿಸ್ಟಮ್ ಕಾನ್ಫಿಗರೇಷನ್’ ಇದೆ. ಅದರ ಬೂಟ್ ಪುಟದಲ್ಲಿ ಈಗ ನಡೆಯುತ್ತಿರುವುದು ಯಾವುದು ಅಂತ ಬರೆದಿರುತ್ತದೆ. ಇನ್ನೊಂದನ್ನು ಆರಿಸಿ ಡಿಲೀಟ್ ಅಂದರೆ ಪಟ್ಟಿಯಿಂದ ಹೋಗುತ್ತದೆ. ಹಳೆಯ ಡ್ರೈವನ್ನು ಫಾರ್ಮ್ಯಾಟ್ ಮಾಡುವ ಮುಂಚೆ ಮಾತ್ರ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಸಿಸ್ಟಮ್’ ಅಂತ ಯಾವ ತುಂಡಿನ ಮೇಲೆ ಬರೆದಿದೆ ನೋಡಬೇಕು. ಅದು ಹಳೆಯದರ ಮೇಲೇ ಇದ್ದರೆ ಹೊಸ ವಿಂಡೋಸ್ ಏಳುವುದಕ್ಕೂ ಅದೇ ಆಧಾರ. ಅದನ್ನು ಮುಟ್ಟುವಂತಿಲ್ಲ.

ಉಬುಂಟುವನ್ನು ತೆಗೆಯುವ ಮಾತನ್ನೇ ಇಷ್ಟು ಆಡಿದೆ. ಅದರ ಬಗ್ಗೆ ಗೌರವದ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದರ ಮೊದಲ ಆವೃತ್ತಿ ಬಂದದ್ದು 2004ರ ಅಕ್ಟೋಬರಿನಲ್ಲಿ. ಮುಂದಿನ ವರ್ಷದಿಂದ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಸಿ.ಡಿ. ಕಳಿಸಿಕೊಡುತ್ತಿದ್ದರು, ದುಡ್ಡಿಲ್ಲದೆ, ಅಂಚೆ ಖರ್ಚೂ ಇಲ್ಲದೆ. ಇಂಟರ್ನೆಟ್ ನಿಧಾನವಿದ್ದ ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಇಂಜಿನಿಯರಿಂಗ್ ಹುಡುಗರು ಕಂಪ್ಯೂಟರಿನ ಒಳಗನ್ನು ಕಲಿತದ್ದು ಆ ಸಿ.ಡಿ.ಗಳಿಂದ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆಯೂ ಉಬುಂಟುವಿನಲ್ಲಿದೆ, ಯುನಿಕೋಡಿನಲ್ಲಿ ಕನ್ನಡ ಬರೆಯುವವರಿಗೆ ಯಾವ ಕೊರತೆಯೂ ಇಲ್ಲ. ಮೇಷ್ಟ್ರಿಗೆ ಅದು ಬೇಡವಾದದ್ದು ಅವರ ಬರವಣಿಗೆಯೆಲ್ಲ ವಿಂಡೋಸಿನ ನುಡಿಯಲ್ಲಿ ಇದ್ದುದರಿಂದ. ಎಲ್ಲರಿಗೂ ಹಾಗಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಟಿಪಿಎಂ 2.0 ಚಿಪ್ ಇಲ್ಲದ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ. ಎದುರುಮನೆಯವರದು ಅಂಥದ್ದೇ. ಅವರು ಬಳಸುವುದು ಬ್ರೌಸರು, ಒಂದಿಷ್ಟು ಪತ್ರ. “ನೀವು ಉಬುಂಟು ಇಟ್ಟುಕೊಂಡು ವಿಂಡೋಸ್ ತೆಗೆದರೆ ಒಳ್ಳೇದು” ಅಂದೆ. ಆಗಲೂ ಮೊದಲು ನಕಲು ತೆಗೆಯಬೇಕು. ಹೊಸ ಯಂತ್ರವಾದರೆ ಆ 100 ಎಂಬಿಯ ತುಂಡು ಆಗಲೂ ಮುಟ್ಟುವ ಹಾಗಿಲ್ಲ, ಉಬುಂಟುವಿನ ಬಾಗಿಲೂ ಅದೇ. ಯಾವುದು ಬೇಡ ಅನ್ನುವುದನ್ನು ಮನೆಯವರ ಬಳಕೆ ತೀರ್ಮಾನಿಸಬೇಕು, ಅಂಗಡಿಯವರ ಅಭ್ಯಾಸ ಅಲ್ಲ.

ಕಾಲೇಜಿನ ಹುಡುಗ ಹುಡುಗಿಯರಿಗೆ ನನ್ನದೊಂದು ವಿನಂತಿ. ಲಿನಕ್ಸ್ ಕಲಿಯಿರಿ, ಖಂಡಿತ ಕಲಿಯಿರಿ. ಆದರೆ ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಡಿಸ್ಕನ್ನು ಒಡೆಯುವ ಮುಂಚೆ ಬೇರೆ ದಾರಿಗಳನ್ನು ನೋಡಿ. ಪೆನ್‌ಡ್ರೈವಿನಿಂದಲೇ ಉಬುಂಟು ನಡೆಸಬಹುದು. ವರ್ಚುವಲ್‌ಬಾಕ್ಸ್ ಹಾಕಿ ವಿಂಡೋಸಿನ ಒಳಗೇ ಬೇರೆ ಯಂತ್ರ ಮಾಡಿಕೊಳ್ಳಬಹುದು. 2016ರಿಂದ ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯವನ್ನೂ ಮೈಕ್ರೋಸಾಫ್ಟ್ ಕೊಟ್ಟಿದೆ. ಇವು ಯಾವುವೂ ಸಾಲದೆ ಡಿಸ್ಕಿನಲ್ಲೇ ಹಾಕಬೇಕಾಗಿ ಬಂದರೆ, ಮನೆ ಬಿಟ್ಟು ಹೊರಡುವ ಮುಂಚೆ ಅದನ್ನು ತೆಗೆದು ಹೋಗಿ. ತೆಗೆಯದಿದ್ದರೆ ಎಲ್ಲಿ ಏನಿದೆ, ಪಾಸ್‌ವರ್ಡ್ ಏನು ಅಂತ ತಾತನ ಡೈರಿಯಲ್ಲಿ ಒಂದು ಪುಟ ಬರೆದಿಡಿ.

ಮನೆಯ ಹಿರಿಯರಿಗೂ ಒಂದು ಮಾತು. ಕಂಪ್ಯೂಟರು ನಿಮ್ಮದು, ಅದರೊಳಗೆ ಇರುವುದೂ ನಿಮ್ಮದು. ಯಾರಾದರೂ ಫಾರ್ಮ್ಯಾಟ್ ಅಂದರೆ ಯಾಕೆ ಅಂತ ಕೇಳಿ, ನಕಲು ತೆಗೆಯದೆ ಒಪ್ಪಬೇಡಿ. ಮೊದಲು ನಕಲು, ಆಮೇಲೆ ಬೂಟ್ ಸರದಿ, ಕೊನೆಯಲ್ಲಿ ಅಳಿಸುವುದು. ಈ ಕ್ರಮ ತಪ್ಪದಿದ್ದರೆ ಬೇಡವಾದದ್ದು ಹೋಗುತ್ತದೆ, ಬೇಕಾದದ್ದು ಉಳಿಯುತ್ತದೆ.